ಹತ್ತಡಿ ಹಿಂದಕ್ಕೆ

ಸೀಟಿನ ಪಕ್ಕ, ನೆಲದಿಂದ ಎದ್ದು ನಿಂತ ಆ ಗಿಡ್ಡ ಕೋಲು
ಜಪ್ಪಯ್ಯ ಅಂದರೂ ಜಗ್ಗಲಿಲ್ಲ.
ನಾಲ್ಕು ಚಕ್ರದಿಂದ ಎರಡಕ್ಕೆ ಬರಲು
ಒಂದು ಗೇಣೂ ಇಲ್ಲ ದಾರಿ.
ಎರಡು ಕೈ ಕೊಟ್ಟೆ. ಭುಜ ಕೊಟ್ಟೆ. ಡ್ಯಾಶ್‌ಬೋರ್ಡಿಗೆ ಕಾಲು ಕೊಟ್ಟೆ.
ಕೊನೆಗೆ ನೋಡಿಕೊಂಡರೆ, ಗುಬುಟಿನ ಮೇಲೆ ಕೊರೆದ ಗೇರಿನ ನಕ್ಷೆ
ಅಂಗೈಯಲ್ಲಿ ತಿರುಗುಮುರುಗಾಗಿ ಮೂಡಿತ್ತು.

"ಲೈಲ್, ಎಷ್ಟು ಎಳೆದರೂ ಅದು ಹಾಲು ಕೊಡಲ್ಲ"
ಅಂದಳು ಇಂಪಿ.
ಹೆಸರು ಇಂಪಿ; ದನಿ ಮಾತ್ರ ಜಲ್ಲಿ ಸುರಿದ ಹಾಗೆ.
ಅವಳಜ್ಜಿ ಫಿನ್ಲೆಂಡಿನಿಂದ ತಂದ ಭಾಷೆಯಲ್ಲಿ
ಇಂಪಿ ಅಂದರೆ ಕನ್ಯೆಯಂತೆ.
ಎಪ್ಪತ್ತೊಂದರ ಕನ್ಯೆ. ಇಬ್ಬರು ಗಂಡಂದಿರನ್ನು ಮಣ್ಣು ಮಾಡಿ
ಈ ಟ್ರಕ್ಕನ್ನು ಮಾತ್ರ ಉಳಿಸಿಕೊಂಡವಳು.

ನವೆಂಬರು. ಸುಪೀರಿಯರ್ ಸರೋವರದ ಕಡೆಯಿಂದ
ಮೋಡ ಸೀಸದ ಹಾಗೆ ಇಳಿಯುತ್ತಿತ್ತು.
ಇನ್ನೆರಡು ದಿನಕ್ಕೆ ಹಿಮ. ಹಿಮ ಬಂದರೆ
ಹತ್ತೊಂಬತ್ತು ಮನೆಗಳ ಅಂಗಳ ತೆರವು ಮಾಡುವುದು
ನಮ್ಮಿಬ್ಬರ ಕೆಲಸ; ನನಗೆ ಮೊದಲ ಚಳಿಗಾಲ.

ಚಕ್ರಕ್ಕೆ ಬರ್ಚ್ ದಿಮ್ಮಿ ಕೊಟ್ಟು,
ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿ
ಅವಳು ಹೊಟ್ಟೆಯಡಿ ತೂರಿದಳು.
ಮೇಲಿನಿಂದ ನಾನು ರಬ್ಬರಿನ ಕವಚ ಕಿತ್ತೆ:
ಪೈನ್ ಸೂಜಿ, ಇಲಿಯ ಗೂಡು,
ಬೆಲ್ಲದ ಪಾಕದಂತೆ ಗಟ್ಟಿಯಾದ ಗ್ರೀಸು.
ಇದೇ, ಸಿಕ್ಕಿತು ಕಳ್ಳ! ಅಂದೆ.
"ಎಲ್ಲಾದರೂ ಕೊಳೆ ಕಂಡರೆ ಅದೇ ಕಳ್ಳ ಅನ್ನಬೇಡ.
ಒಂದೊಂದನ್ನೇ ಬಿಚ್ಚು. ಒಂದೊಂದನ್ನೇ ಕೇಳು,
ನೀನಾ? ನೀನಾ?"

ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ
ಒಂದು ಫ್ಲಾಸ್ಕು ಕಾಫಿ ಮುಗಿಯುವವರೆಗೆ ಕಾದೆವು.
ಪಿನ್ನು ಎಳೆದು ಸಲಾಕೆ ಕಳಚಿದಳು.
ಮೇಲಿನ ಕೋಲು ಈಗ ಸಲೀಸು,
ಅತ್ತಿತ್ತ ಓಲಾಡಿತು, ಕುಡಿದವನ ತಲೆಯ ಹಾಗೆ.
ಕೋಲಿನದು ತಪ್ಪಿಲ್ಲ.
ಕೆಳಗೆ ಪೆಟ್ಟಿಗೆಯ ತೋಳಿಗೆ ಸ್ಪ್ಯಾನರ್ ಕೊಟ್ಟಳು.
ಅದು ಕಲ್ಲು.
ತಪ್ಪು ಒಳಗಿತ್ತು.

ಬಹಳ ಹೊತ್ತು ಮಾತಿಲ್ಲ.
ಆಮೇಲೆ ಟ್ರಕ್ಕಿನಡಿಯಿಂದ, ಬರಿಯ ಬೂಟುಗಳು ಕೇಳಿದವು:
"ನಿನ್ನೆ ಕ್ಯಾಲುಮೆಟ್‌ನಿಂದ ಬರುವಾಗ
ಟಾರು ಒಣಗಿತ್ತಲ್ಲ. ನಾಲ್ಕರಲ್ಲೇ ಬಂದೆಯಾ?"

ಇಲ್ಲ, ಅಂದೆ.
ಸನ್‌ವೈಸರಿನ ಮೇಲೆ ಅವಳ ಎರಡನೆಯ ಗಂಡ
ಪೆನ್ಸಿಲಿನಲ್ಲಿ ಬರೆದು ಅಂಟಿಸಿದ ಚೀಟಿ ಇತ್ತು:
ಒಣ ರಸ್ತೆಗೆ ನಾಲ್ಕು ಬೇಡ.
ಹದಿನೇಳು ಮೈಲಿ ಅದು ನನ್ನ ಹಣೆಯ ನೇರಕ್ಕೇ ಇತ್ತು.

ಸಲಾಕೆ ಮತ್ತೆ ಸೇರಿಸಿ, ಪಿನ್ನು ತೂರಿಸಿ,
ದಿಮ್ಮಿ ತೆಗೆದು, ಮಂಡಿ ಒರೆಸಿಕೊಂಡು ಎದ್ದಳು.
"ಸ್ಟೀರಿಂಗ್ ನೇರ ಇಡು. ಹತ್ತಡಿ ಹಿಂದಕ್ಕೆ ಹೋಗು.
ಕೋಲಿನ ಮೇಲೆ ಕೈ ಇರಲಿ, ಬಲ ಬೇಡ."

ಹೋದೆ. ಆರಡಿ. ಏಳು.
ಹಗ್ಗದ ಮುರಿ ಬಿಚ್ಚಿಕೊಂಡಂತೆ ಏನೋ ಕೆಳಗೆ ನರಳಿತು,
ಕೋಲು ತಾನಾಗಿ ಜಾರಿ
ಟಕ್.

ಕಿಟಕಿ ಇಳಿಸಿದೆ.
"ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ
ಗಟ್ಟಿ ನೆಲದ ಮೇಲೆ ಲೆಕ್ಕ ಹೊಂದಲ್ಲ, ಲೈಲ್.
ನಡುವಿನ ಶಾಫ್ಟು ಅಷ್ಟನ್ನೂ ಸುತ್ತಿಕೊಂಡು ಕೂರುತ್ತೆ.
ಒಣ ರಸ್ತೆಯಲ್ಲಿ ಬಂದವರದ್ದು ಮಾತ್ರ
ಹೀಗೆ ಬಿಡುತ್ತೆ."
ಅಷ್ಟೇ. ಬೈಯಲಿಲ್ಲ.
ನನ್ನ ಕಿವಿ ಮಾತ್ರ ಹೀಟರಿಲ್ಲದೆ ಬಿಸಿಯಾಯಿತು.

ಕೀಲಿಗೆ ಹೊಸ ಗ್ರೀಸು ಬಳಿದದ್ದು ನಾನೇ,
ಬೆರಳಲ್ಲಿ, ಬೇಕಾದದ್ದಕ್ಕಿಂತ ಜಾಸ್ತಿ.
ಇಲಿಯ ಗೂಡನ್ನು ಅವಳು ಟೋಪಿಯಲ್ಲಿಟ್ಟುಕೊಂಡು
ಶೆಡ್ಡಿನ ಮೂಲೆಗೆ ಒಯ್ದಳು.
ಚಳಿ ಕಚ್ಚಿದ ಬೆಳಿಗ್ಗೆ ಈಗಲೂ ಅದು ಸ್ವಲ್ಪ ಬಿಗಿ.
ಆಗ ನಾನು ಎಳೆಯುವುದಿಲ್ಲ.
ಕೈ ಇಟ್ಟು, ಹಿಂದೆ ಯಾರಿದ್ದಾರೆ ನೋಡಿ,
ಮೆಲ್ಲಗೆ ರಿವರ್ಸ್ ಹಾಕುತ್ತೇನೆ.