ಜಾಮೀನು

ಬೈತಖೋಲಿನ ಧಕ್ಕೆಯಿಂದಾಚೆ, ದೇವಗಡದ ದೀಪದ ಹತ್ತಿರ
ಲಂಗರು ಹಾಕಿ ನಿಂತ ಹಡಗಿನ ತನಕ
ಪೈಲಟ್ ಸಾಹೇಬರನ್ನು ಮುಟ್ಟಿಸುವುದು ನನ್ನ ಕೆಲಸ.
ಇಪ್ಪತ್ತಾರು ವರ್ಷ.
ಹೊರಡುವ ಹಡಗಾದರೆ ಅವರನ್ನು ಇಳಿಸಿಕೊಂಡು
ಹಗ್ಗದ ಏಣಿ ಮೇಲೆ ಹೋಗುವ ತನಕ ನೋಡುತ್ತ ನಿಂತು
ದೋಣಿ ತಿರುಗಿಸುತ್ತೇನೆ.
ಹಡಗುಗಳ ಬೆನ್ನ ಮೇಲಿನ ಊರು ಓದಿ ಓದಿಯೇ
ನನ್ನ ಇಂಗ್ಲಿಷು ಸುಧಾರಿಸಿದ್ದು:
ಮನ್ರೋವಿಯಾ, ಪನಾಮಾ, ವಲೆಟ್ಟಾ.
ಒಂದರ ವಾಸನೆಯೂ ಗೊತ್ತಿಲ್ಲ.
ಅವು ತಂದ ಡಾಂಬರಿನದು ಗೊತ್ತು.

ಈಗ ಊಟದ ಮೇಜಿನ ಮೇಲೆ ನನ್ನ ಶಾಲೆಯ ಅಟ್ಲಾಸು,
ಪುಟ ಮಗುಚದಂತೆ ಈ ಬದಿಗೆ ಉಪ್ಪಿನ ಡಬ್ಬಿ, ಆ ಬದಿಗೆ ಪಾನಾ.
ಮುಂಬೈಯಿಂದ ಬಂದರ್ ಅಬ್ಬಾಸಿಗೆ ಚುಕ್ಕಿ ಚುಕ್ಕಿ,
ತಬ್ರೀಜು, ಎರ್ಜುರುಮು,
ಮುಂದೆ ಹೋದ ಪೆನ್ಸಿಲು ನಿಂತ ದೇಶ
ಈಗ ಇಲ್ಲವೇ ಇಲ್ಲವಂತೆ.
ಏಳು ಪಾಲಾಗಿದೆಯಂತೆ.
"ಒಂದಕ್ಕೇ ಇಷ್ಟು ಕಾಗದ," ಸುಲಭಾ ಕನ್ನಡಕ ಏರಿಸಿದಳು,
"ಇನ್ನು ಏಳಕ್ಕೆ?"

ಗಾಡಿ ತೊಂಬತ್ತೆಂಟರ ಬುಲೆಟ್ಟು.
ಬಸ್ತ್ಯಾಂವ ಮೀಟರು ಬಿಚ್ಚಿ ಬೆಳಕಿಗೆ ಹಿಡಿದ:
"ಐದೇ ಅಂಕಿ, ತಾಂಡೇಲಾ. ಒಮ್ಮೆ ಪೂರಾ ತಿರುಗಿ
ಸೊನ್ನೆಯಿಂದ ಮತ್ತೆ ಶುರುವಾಗಿದೆ.
ಲಕ್ಷ ಕಿಲೋಮೀಟರು ಅಂದರೆ ಭೂಮಿಗೆ ಎರಡೂವರೆ ಸುತ್ತು.
ಕೋಡಿಬಾಗದಿಂದ ಬೈತಖೋಲು, ಬೈತಖೋಲಿನಿಂದ ಕೋಡಿಬಾಗ.
ಹೋಗಿ ಬಂದಾಯ್ತಲ್ಲ, ಮತ್ತೇನು ತಯಾರಿ?"
ನಕ್ಕ. ನಗುತ್ತಲೇ ಕ್ಲಚ್ಚಿನ ಕೇಬಲ್ಲಿಗೆ ಜೋಡಿಯಾಗಿ
ಇನ್ನೊಂದು ಕೇಬಲ್ಲು ಕಟ್ಟಿದ,
ಕಡಿದಲ್ಲೇ ಕೈಗೆ ಸಿಗಲೆಂದು.

ರವಿವಾರ ಮಾಜಾಳಿಯ ಮರಳಲ್ಲಿ ಬೀಳುವ ಅಭ್ಯಾಸ.
ಪೆಟ್ಟಿಗೆಗೆ ಕಲ್ಲು ತುಂಬಿ ಬೇಕೆಂದೇ ಕೆಡವುವುದು,
ಬೆನ್ನು ಕೊಟ್ಟು, ಮಂಡಿ ಮಡಚಿ,
ಹಿಂದೆ ಹಿಂದೆ ಹೆಜ್ಜೆಯಿಟ್ಟು ಎತ್ತುವುದು.
ರಂಪಣಿ ಎಳೆಯುವವರು ಹಗ್ಗ ಹಿಡಿದೇ ನೋಡಿದರು.
"ದುಡ್ಡು ಕೊಟ್ಟು ತಂದದ್ದನ್ನು ಯಾಕೆ ಒಗೀತೀ ಮಾರಾಯಾ?"
ಉತ್ತರಕ್ಕೆ ನನ್ನಲ್ಲಿ ಉಸಿರಿರಲಿಲ್ಲ.
ಆರನೆಯ ಸಲಕ್ಕೆ, ಕೇಳಿದ ಆ ಮುದುಕನೇ
ದೂರದಿಂದ ಬಲೆಗೆ ಕೂಗುವ ಹಾಗೆ ಒಂದು ಕೂಗು ಕೂಗಿದ.
ಎದ್ದಿತು.

ವೀಸಾ ಅರ್ಜಿಯಲ್ಲಿ "ಪ್ರವಾಸದ ಉದ್ದೇಶ".
ವ್ಯಾಪಾರ. ಚಿಕಿತ್ಸೆ. ಬಂಧುಗಳ ಭೇಟಿ. ಇತರೆ.
ಇತರೆಗೆ ಗುರುತು ಹಾಕಿದೆ.
ವಿವರಿಸಿ, ಅಂದಿತು.
ಎರಡು ವಾರವಾಯಿತು, ಆ ಗೆರೆ ಹಾಗೇ ಇದೆ.

ಗಾಡಿಗೂ ಒಂದು ಪಾಸ್‌ಪೋರ್ಟುಂಟು, ಕಾರ್ನೆ ಅನ್ನುತ್ತಾರೆ.
ಗಡಿ ಗಡಿಗೆ ಒಳಬಂದದ್ದಕ್ಕೊಂದು ಮುದ್ರೆ,
ಹೊರಟದ್ದಕ್ಕೊಂದು.
ಎಲ್ಲೂ ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ,
ಸುಟ್ಟುಹೋದರೆ ಬೂದಿಗೂ ಸಾಕ್ಷಿ ಬೇಕು.
ಮರಳಿ ತಂದೇ ತರುತ್ತೇನೆಂದು ಬ್ಯಾಂಕಿನಲ್ಲಿ ಠೇವಣಿ,
ಕೆಳಗೆ ಇಬ್ಬರ ಜಾಮೀನು.

ಬಸ್ತ್ಯಾಂವನ ಸಹಿಯ ಪಕ್ಕ ಗ್ರೀಸಿನ ಹೆಬ್ಬೆರಳು.
ಸುಲಭಾ ಪೆನ್ನು ತೆರೆದು, ಮೊದಲಿನಿಂದ ಓದಿದಳು.
"ಗಾಡಿ ಬರದಿದ್ದರೆ ಎಷ್ಟು ದಂಡ ಅಂತ ಬರೆದಿದ್ದಾರೆ.
ನೀವು ಬರದಿದ್ದರೆ?"

ಹನ್ನೆರಡೂ ಪುಟ ತಿರುವಿದೆವು ಇಬ್ಬರೂ ಕೂತು.
ಅದಕ್ಕೆ ಕಾಲಮ್ಮು ಇರಲಿಲ್ಲ.

ಹೊರಗೆ ಯಾವುದೋ ಹಡಗು ಒಮ್ಮೆ ಕೂಗಿ ಸುಮ್ಮನಾಯಿತು.
ಅವಳು ಸಹಿ ಮಾಡಿದಳು, ಪೂರ್ತಿ ಹೆಸರು,
ಕೊನೆಯ ಅಕ್ಷರದ ಕೊಂಬೂ ಬಿಡದೆ.
ಪೆನ್ನಿನ ಮುಚ್ಚಳ ಒತ್ತುತ್ತ ಹೇಳಿದಳು:
"ಮಾಜಾಳಿ ಗೇಟಿನ ತನಕ ನಾನೂ ಬರುತ್ತೇನೆ, ಹಿಂದೆ ಕೂತು.
ಅಲ್ಲಿಂದ ಬಸ್ಸಿಗೆ ಮನೆಗೆ.
ನಾನು ಇಳಿದ ಮೇಲೆ
ಏಣಿ ಮೇಲೆ ಎಳೆದುಕೊಳ್ಳಿ.
ನೀರ ಮೇಲೆ ತೂಗಾಡಲು ಬಿಡಬಾರದು ಅಂತ
ನೀವೇ ಯಾವಾಗಲೋ ಹೇಳಿದ್ದು."