ಗಿಡಗಳ ಶಿಶುವಿಹಾರ

ಯಾರ್ಕ್‌ಶೈರಿನ ಏಪ್ರಿಲ್. ಬಿಸಿಲಿಗೂ ಕೋಟು ಬೇಕು.
ಹೂಮೇಳದ ಗೇಟಿನ ಪಕ್ಕ ನಮ್ಮ ಡೇರೆ:
ಕೊಂಡ ಗಿಡ ಇಲ್ಲಿ ಬಿಡಿ, ಚೀಟಿ ಹಿಡಿಯಿರಿ,
ಕೈಬೀಸಿಕೊಂಡು ಸುತ್ತಿ ಬನ್ನಿ.

ದೊಡ್ಡ ಡೇರೆಯಲ್ಲಿ ಡ್ಯಾಫೊಡಿಲ್ ಸ್ಪರ್ಧೆ.
ತೀರ್ಪುಗಾರ ಹೆಬಲ್‌ತ್ವೇಟ್ ಉಸಿರು ಬಿಗಿಹಿಡಿದು
ಎಸಳಿಗೆ ಅಳತೆಪಟ್ಟಿ ಹಿಡಿದನಂತೆ;
ಸೋತವನೊಬ್ಬ ತನ್ನ ಹೂವನ್ನು
ಹೆಂಡತಿಯ ಟೋಪಿಗೆ ಸಿಕ್ಕಿಸಿ ಚಹಾಕ್ಕೆ ನಡೆದನಂತೆ.
ಎಲ್ಲ ಅಂತೆ.
ನಾನು ನೂರಾ ಹನ್ನೆರಡು ಕುಂಡಗಳ ಆಯಾ.

ನಲವತ್ತೊಂದು, ಜರಿಗಿಡ.
ಅರವತ್ತು, ಗಾಳಿ ಕೆಮ್ಮಿದರೂ ಮಗುಚುವ ಲ್ಯಾವೆಂಡರ್.
ಏಳು ಮತ್ತು ಎಂಟು ಟೊಮೆಟೊ ಸಸಿ:
ಹುಡುಗನೊಬ್ಬ ಮತ್ತೆಮತ್ತೆ ಬಂದು ನೋಡಿ ಹೋದ,
ಅಷ್ಟರಲ್ಲೇ ಬೆಳೆದವೇನೋ ಎಂದು.

ಐದಕ್ಕೆ ಗಂಟೆ. ಬ್ಯಾಂಡಿನವರು
ತುತ್ತೂರಿಯ ಎಂಜಲು ಕೊಡವಿದರು.
ಚೀಟಿ ಬಂದವು, ಗಿಡ ಹೋದವು
ಕಾರಿನ ಕಿಟಕಿಗೆ ಎಲೆ ಒತ್ತಿಕೊಂಡು.

ಉಳಿದದ್ದು ತೊಂಬತ್ತಮೂರು:
ಅಂಗೈಯಗಲದ ಕುಂಡ, ಬರೀ ಮಣ್ಣು.
ಅಂಚಿಗೆ ಅಂಟಿಸಿದ ಕಾಗದದಲ್ಲಿ ಪೆನ್ಸಿಲ್ ಅಕ್ಷರ:
“ಇದೆ. ಒಳಗಿದೆ.”

ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡೆ.
ಏನದು ಮೇವಿಸ್, ಎಂದಳು ಪಕ್ಕದವಳು.
ಗೊತ್ತಿಲ್ಲ, ಎಂದೆ, ಮೆಲ್ಲಗೆ ಮಾತಾಡು.