ತಂದೆಯ ಹೆಸರು: ಭೀಮಾ

ಯಾದಗಿರಿಯ ಕಚೇರಿಯಲ್ಲಿ ವಂಶಾವಳಿ ಕೇಳಿದರು.
ಅಪ್ಪನ ಮೇಲೆ ಅಜ್ಜ ಮೋನಪ್ಪ,
ಅಜ್ಜನ ಮೇಲೆ ಸಾಯಬಣ್ಣ,
ಸಾಯಬಣ್ಣನ ಮುಂದೆ ಖಾಲಿ ಚೌಕ.
'ಮರಣದ ದಾಖಲೆ ಹಚ್ಚಬೇಕ್ರಿ ಮೇಡಂ' ಅಂದ ತಲಾಟಿ.
ಎಲ್ಲಿ ಸತ್ತ ಅಂತಲೇ ತಿಳಿಯದವನಿಗೆ
ಯಾವ ಊರಿನ ಮೊಹರು?

ಜೋಳದ ರಾಶಿಯ ಹೊತ್ತಿಗೆ ಎತ್ತಿನ ಮೇಲೆ ಹೆಳವ ಬಂದ.
ಗಂಟೆ ಬಾರಿಸಿ, ಸೇರು ಜೋಳ ಅಳೆಸಿಕೊಂಡು
ಬಾಯಲ್ಲೇ ಹನ್ನೊಂದು ತಲೆ ಇಳಿಸಿದ:
ಹರಿಗೋಲು ಹೆಣೆದವರು, ಅದಕ್ಕೆ ಚರ್ಮ ಬಿಗಿದವರು,
ನೆರೆಯಲ್ಲಿ ನಿಜಾಮನ ಟಪಾಲು ಚೀಲ
ನೆತ್ತಿಯ ಮೇಲಿಟ್ಟು ಭೀಮೆ ದಾಟಿಸಿದವನೊಬ್ಬ.
ತಿಪ್ಪಣ್ಣನ ಮಗ ಸಾಯಬಣ್ಣ, ಅಂದವನು ತಡೆದ.
'ಅವ ದೊಡ್ಡ ನೀರಿಗೆ ಹೋದ್ನವ್ವಾ.
ನಮ್ಮ ಎತ್ತು ಅಲ್ಲಿತನಾ ಹೋಗಲ್ಲ.'

ಹೊಳೆಗೆ ಸೇತುವೆ ಕಟ್ಟಿದ ವರ್ಷವಂತೆ.
ಕಾಲು ತೋಯಿಸದೆ ದಾಟುವ ಊರಿಗೆ
ಅಂಬಿಗನ ಹಂಗೇನು?
ಹರಿಗೋಲು ಬೋರಲು ಹಾಕಿ, ವಾಡಿಗೆ ನಡೆದು
ಮುಂಬಯಿ ರೈಲು ಹತ್ತಿದ.
ಮೂರು ವರ್ಷ ಮನಿಯಾರ್ಡರು ಬಂತು.
ಆಮೇಲೆ ಪೋಸ್ಟಿನವನು ನಮ್ಮ ಓಣಿಯ ದಾರಿ ಬಿಟ್ಟ.

ಮುತ್ತಜ್ಜಿ ಅಯ್ಯಮ್ಮ ಬಳೆ ಒಡೆಯಲಿಲ್ಲ.
ಬಳೆಗಾರ ಬಂದಾಗಲೆಲ್ಲ ಮುಂಗೈ ಚಾಚಿ
'ಹಸಿರೇ ಇಡೋ, ಜಗ್ಗಿ ಇಡು' ಅನ್ನುತ್ತಿದ್ದಳಂತೆ.
ಬೋರಲು ಬಿದ್ದ ಹರಿಗೋಲಿನ ಕೆಳಗೆ
ಕೋಳಿ ಮರಿ ಮಾಡುತ್ತಿದ್ದವು.

ಮುಂಬಯಿಯ ದಫ್ತರಖಾನೆಯಲ್ಲಿ ನಾಲ್ಕು ದಿನ ಕೂತೆ.
ಹಿಂದೂ ಖಲಾಸಿಗಳ ಪಟ್ಟಿ ಮುಗಿಯಿತು, ಅವನಿಲ್ಲ.
ಐದನೇ ದಿನ, ಗುಮಾಸ್ತ ಊಟಕ್ಕೆ ಹೋದಾಗ,
ಸುಮ್ಮನೆ ಇನ್ನೊಂದು ಕಟ್ಟು ಬಿಚ್ಚಿದೆ.

ಸಾಹೇಬ್ ಹನ್ನಾ.
ಕೆಲಸ: ಕಲ್ಲಿದ್ದಲು ಒಲೆ.
ಧರ್ಮ: ಮುಸಲ್ಮಾನ.
ದೇಶ: ನಿಜಾಮರ ಸೀಮೆ.
ಮೈಮೇಲಿನ ಗುರುತು: ಎರಡೂ ಅಂಗೈಯಲ್ಲಿ ದಡ್ಡು.
ತಂದೆಯ ಹೆಸರು: ಭೀಮಾ.

ದಡ್ಡಿನ ಸಾಲಿನ ಮೇಲೆ ಬೆರಳಿಟ್ಟು ಕೂತೆ.
ಹುಟ್ಟು ಗುರುತು. ಹೌದು, ಹುಟ್ಟಿನದೇ ಗುರುತು,
ಹತ್ತು ವರ್ಷದವನಿದ್ದಾಗಿನಿಂದ ಹಿಡಿದದ್ದು.
ಆದರೆ ತಂದೆ?
ಬಂದರದ ಗದ್ದಲ, ಬರೆಯುವವನ ಅರೆಬರೆ ಉರ್ದು.
ಯಾರ ಪೈಕಿ ನೀನು, ಅಂತ ಕೇಳಿದನೆಂದು ತಿಳಿದು
ಇವನು ಹೊಳೆಯ ಹೆಸರು ಹೇಳಿದನೇ?
ಅಥವಾ ಇವನು ಬೇರೆಯೇ ಒಬ್ಬ,
ಅವನ ಹೆಂಡತಿಯೂ ಇನ್ನೆಲ್ಲೋ
ಮುಂಗೈ ಚಾಚಿ ಕೂತಿದ್ದಳೇ?
ಏಡನ್ನಿನ ಆಚೆ ಒಂದು ಅಡ್ಡಗೀಟು.
ಪಕ್ಕದಲ್ಲಿ ಹೆಬ್ಬೆಟ್ಟು,
ಮಸಿಯೋ ಇದ್ದಿಲೋ, ತಿಳಿಯದಷ್ಟು ಕಪ್ಪು.

ಮರುವರ್ಷ ಹೆಳವನಿಗೆ ಎಲ್ಲ ಹೇಳಿದೆ.
ಕೇಳಿ, ಎತ್ತಿನ ಗಂಟೆಯನ್ನು ಅಂಗೈಯಲ್ಲಿ ಹಿಡಿದು ನಿಲ್ಲಿಸಿ
'ಹೊಸ ತಲಿಗೆ ಇನ್ನೊಂದು ಸೇರು' ಅಂದ. ಅಳೆದೆ.
ತಿಪ್ಪಣ್ಣನ ಮಗ ಸಾಯಬಣ್ಣ, ಅಂದ.
ಉಸಿರು ತಕ್ಕೊಂಡು,
ಭೀಮಾನ ಮಗ ಸಾಹೇಬ ಹನ್ನಾ, ಅಂದ.
ಇಬ್ಬರಲ್ಲಿ ಯಾರು ಅಂತ ಅವನೂ ಕೇಳಲಿಲ್ಲ, ನಾನೂ.

ಚೌಕ ಇನ್ನೂ ಖಾಲಿ ಇದೆ.
ತಲಾಟಿ ಎರಡು ಸಲ ಫೋನು ಮಾಡಿದ್ದಾನೆ.